ದುರ್ಯೋಧನನ ಪಾರ್ಟಿನ ಬೆಲೆ

ಕೊರಟಗೆರೆ, ಮಧುಗಿರಿ ಸೀಮೆಯ ಹಳ್ಳಿಗಳಲ್ಲಿ ದುರ್ಯೋಧನನ ಪಾರ್ಟು ಪುಕ್ಕಟೆ ಸಿಗುವುದಿಲ್ಲ. ಊರವರು ಸೇರಿ ‘ಕುರುಕ್ಷೇತ್ರ’ ಆಡಬೇಕೆಂದು ತೀರ್ಮಾನವಾದ ಕೂಡಲೇ ಯಾವ ಪಾರ್ಟಿಗೆ ಎಷ್ಟು ಹಣ ಎಂಬ ಮಾತು ಬರುತ್ತದೆ. ಕೃಷ್ಣ, ದುರ್ಯೋಧನ, ಭೀಮ, ಕರ್ಣರಿಗೆ ಹೆಚ್ಚು. ವಿದುರ, ಸಂಜಯರಿಗೆ ಕಡಿಮೆ. ಹಣ ಕಟ್ಟುವವನು ಪಾರ್ಟು ಮಾಡುವವನೇ. ಸಂಭಾವನೆ ಪಡೆಯುವವರು ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸೀನರಿಯವರು ಮತ್ತು ಹೊರಗಿನಿಂದ ಬರುವ ದ್ರೌಪದಿ, ಉತ್ತರೆಯರು. ಒಂದೇ ಪಾರ್ಟಿಗೆ ಇಬ್ಬರು ಹಟ ಹಿಡಿದರೆ ಜಗಳವಿಲ್ಲ. ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಹೆಸರಿಟ್ಟು ಸೀನುಗಳನ್ನು ಹಂಚಿಬಿಡುತ್ತಾರೆ; ಅರ್ಧರಾತ್ರಿಗೆ ಗದೆ ಕೈಬದಲಾಗುತ್ತದೆ.

ಪ್ರಾಕ್ಟೀಸು ತಿಂಗಳುಗಟ್ಟಲೆ ನಡೆಯುತ್ತದೆ. ಹೊಲದ ಕೆಲಸ ಮುಗಿಸಿ, ಡೇರಿಗೆ ಹಾಲು ಹಾಕಿ, ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಎಲ್ಲರೂ ಸೇರುತ್ತಾರೆ. ಮೇಷ್ಟ್ರು ಲೆಗ್ ಹಾರ್ಮೋನಿಯಂ ತುಳಿಯುತ್ತ ಕಂದವೊಂದನ್ನು ಹೇಳಿಕೊಡುತ್ತಾರೆ; ಪಾರ್ಟಿನವನು ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಹಿಂದೆಯೇ ಹಾಡುತ್ತಾನೆ. ಕಪ್ಪು ಎರಡರ ಶ್ರುತಿಯಲ್ಲಿ ಗಂಟಲು ಏಳದಿದ್ದರೆ ಬಿಳಿ ಒಂದಕ್ಕೆ ಇಳಿಸಿಕೊಡುತ್ತಾರೆ. ಅಲ್ಲೂ ಏಳದಿದ್ದರೆ ಮೇಷ್ಟ್ರೇ ದನಿಗೂಡಿಸಿ ಮಾನ ಕಾಪಾಡುತ್ತಾರೆ. ನಾಟಕದ ಕರಪತ್ರದಲ್ಲಿ ಪ್ರತಿಯೊಬ್ಬನ ಪಾಸ್‌ಪೋರ್ಟ್ ಅಳತೆಯ ಫೋಟೊ ಇರುತ್ತದೆ, ಅದರಡಿ ಪಾತ್ರದ ಹೆಸರು. ಆಟದ ರಾತ್ರಿ ನೆಂಟರಿಷ್ಟರು ಹಾರ ಹಾಕಲು ರಂಗ ಹತ್ತುವುದರಿಂದ ಯುದ್ಧ ಆಗಾಗ ನಿಲ್ಲುತ್ತದೆ. ತೊಡೆ ಮುರಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ.

ಮನೆಯವರು ಇದನ್ನು ನಾಟಕದ ಹುಚ್ಚು ಎನ್ನುತ್ತಾರೆ. ಕಡಲೆಕಾಯಿ ಮಾರಿದ ದುಡ್ಡು ಒಂದು ರಾತ್ರಿಯ ಕಿರೀಟಕ್ಕೆ ಹೋಯಿತೆಂದು ಗೊಣಗುತ್ತಾರೆ, ಗೊಣಗುತ್ತಲೇ ಮುಂದೆ ಚಾಪೆ ಹಾಸಿಕೊಂಡು ಕೂರುತ್ತಾರೆ. ಇದೇ ಹುಚ್ಚಿಗೆ ಬೆಂಗಳೂರಿನ ಪಬ್ಬುಗಳ ಪುಟ್ಟ ವೇದಿಕೆಯ ಮೇಲೆ, ಕಾಲೇಜು ಫೆಸ್ಟುಗಳಲ್ಲಿ ಇಂಡೀ ಎಂಬ ಹೆಸರಿದೆ. ಕಂಪನಿಯ ಹಂಗಿಲ್ಲದೆ, ನಿರ್ಮಾಪಕನ ಅಪ್ಪಣೆಗೆ ಕಾಯದೆ, ತಮ್ಮ ಖರ್ಚಿನಲ್ಲಿ ತಮ್ಮ ಹಾಡು ಮಾಡಿಕೊಳ್ಳುವವರನ್ನು ಹಾಗೆ ಕರೆಯುತ್ತಾರೆ. ಗಿಟಾರು, ಗಡ್ಡ, ಅರ್ಧ ಇಂಗ್ಲಿಷು ಅರ್ಧ ಕನ್ನಡ ಇವಿಷ್ಟು ಇದ್ದರೆ ಇಂಡೀ ಎಂದು ತಿಳಿದವರೇ ಹೆಚ್ಚು. ಆದರೆ ಹಾಡಿನ ಉಡುಪಿಗಿಂತ ಖರ್ಚಿನ ಲೆಕ್ಕ ಹೆಚ್ಚು ಹೇಳುತ್ತದೆ: ದುಡ್ಡು ಯಾರದು, ಆಯ್ಕೆ ಯಾರದು? ಈ ಲೆಕ್ಕವನ್ನು ಕೇಳುಗರ ಕಡೆಯಿಂದಲೂ ಹಾಕಬೇಕಾಗುತ್ತದೆ. ‘ನನ್ನ ಮೆಚ್ಚಿನ ಹಾಡು’, ‘ನನ್ನ ಮೆಚ್ಚಿನ ಪುಸ್ತಕ’ ಎಂದು ಹೇಳಿಕೊಳ್ಳುವವರು ಆ ಮೆಚ್ಚುಗೆಗಾಗಿ ಹಣವನ್ನೋ ಸಮಯವನ್ನೋ ಕಳೆದುಕೊಂಡಿದ್ದಾರೆಯೇ, ನಾಲ್ಕು ಜನರಿಂದ ಲೇವಡಿಯನ್ನಾದರೂ ಮಾಡಿಸಿಕೊಂಡಿದ್ದಾರೆಯೇ? ಏನೂ ಕಳೆದುಕೊಳ್ಳದೆ ಬಂದ ಮೆಚ್ಚುಗೆ ಬಹುಪಾಲು ಇನ್ನೊಬ್ಬರು ತಂದು ಕೊಟ್ಟದ್ದೇ ಆಗಿರುತ್ತದೆ.

ಇಂಗ್ಲೆಂಡಿನಲ್ಲಿ ಈ ಬಗೆಯ ಸಂಗೀತಕ್ಕೆ ದಾರಿ ಬಿದ್ದದ್ದು ಸಾಲದ ಹಣದಿಂದ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಪುಟ್ಟ ರೆಕಾರ್ಡನ್ನು ತಾನೇ ಹೊರತಂದಿತು. ನೆಂಟರು, ಗೆಳೆಯರಿಂದ ಎತ್ತಿದ ಸುಮಾರು 500 ಪೌಂಡು, ಮೊದಲ ಸಲಕ್ಕೆ 1000 ಪ್ರತಿ. ಅವು ಬೇಗ ಖಾಲಿಯಾಗಿ ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯಿತು. 1980ರ ಹೊತ್ತಿಗೆ ಇಂಥ ರೆಕಾರ್ಡುಗಳ ಮಾರಾಟಕ್ಕೆ ಅಲ್ಲಿ ಪ್ರತ್ಯೇಕ ಪಟ್ಟಿಯೇ ಇತ್ತು. 2007ರಲ್ಲಿ ರೇಡಿಯೊಹೆಡ್ ತಂಡ ‘ಇನ್ ರೈನ್‌ಬೋಸ್’ ಹಾಡುಗಳನ್ನು ಜಾಲದಲ್ಲಿಟ್ಟು, ನಿಮಗೆ ತೋಚಿದಷ್ಟು ಕೊಡಿ ಎಂದಿತು. ಬೆಲೆ ಕಟ್ಟುವ ಕೆಲಸವನ್ನು ಕೇಳುಗರಿಗೇ ಬಿಟ್ಟಿತ್ತು.

ಕನ್ನಡದಲ್ಲಿ ಈ ಲೆಕ್ಕವನ್ನು ಎಲ್ಲರೆದುರು ಬಿಚ್ಚಿಟ್ಟವರು ಪವನ್ ಕುಮಾರ್. ‘ಲೈಫು ಇಷ್ಟೇನೆ’ ಮಾಡಿದ ಮೇಲೂ ‘ಲೂಸಿಯಾ’ ಕತೆಗೆ ಹಣ ಹಾಕುವವರು ಸಿಗದಿದ್ದಾಗ ಅವರು ನೋಡುಗರ ಮುಂದೆಯೇ ಕೈ ಚಾಚಿದರು. 27 ದಿನಗಳಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಬಂತು. 2013ರಲ್ಲಿ ಸಿನಿಮಾ ತೆರೆಗೂ ಬಂತು. ಅದರ ಸಂಗೀತ ಪೂರ್ಣಚಂದ್ರ ತೇಜಸ್ವಿಯವರದು. ಒಂದು ಹಾಡಿನಿಂದ ನವೀನ್ ಸಜ್ಜು ಎಂಬ ಹೊಸ ದನಿ ಆಟೋ ಸ್ಟ್ಯಾಂಡಿನವರೆಗೂ ತಲುಪಿತು. ಹತ್ತು ವರ್ಷದ ನಂತರ, 2023ರಲ್ಲಿ, ಇನ್ನೊಬ್ಬ ಪೂರ್ಣಚಂದ್ರ ತೇಜಸ್ವಿ, ಅಂದರೆ ಮೂಡಿಗೆರೆಯ ಲೇಖಕರ ಅಭಿಮಾನಿಗಳು ಒಟ್ಟಾಗಿ ಹಣ ಹೂಡಿದ್ದರಿಂದ ಶಶಾಂಕ್ ಸೋಗಾಲ್ ನಿರ್ದೇಶನದ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಒಂದು ಕತೆಯನ್ನು ಕಾಲೇಜಿನಲ್ಲಿ ಓದಿ ಮರೆಯದವರು ಮುಂದೊಂದು ದಿನ ಅದಕ್ಕಾಗಿ ಚೆಕ್ ಬರೆದರು ಎಂಬುದು ಕನ್ನಡ ಓದುಗರ ಬಗ್ಗೆ ಯಾವ ಸಮೀಕ್ಷೆಯೂ ಹೇಳದ ಸಂಗತಿ. ಲೇಖಕನ ಹುಟ್ಟುಹಬ್ಬಕ್ಕೆ ಫೇಸ್‌ಬುಕ್ಕಿನಲ್ಲಿ ಫೋಟೊ ಹಾಕುವುದು ಒಂದು ಬಗೆಯ ಅಭಿಮಾನ, ಇದು ಇನ್ನೊಂದು ಬಗೆಯದು.

ಇದಕ್ಕೂ ಮೊದಲು ಕ್ಯಾಸೆಟ್ಟು ಇತ್ತು. ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಹೆಸರಾದ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ, ಕವಿ ಕೆ.ಎಸ್. ನಿಸಾರ್ ಅಹಮದ್, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ. ಸಿನಿಮಾದ ನೆರವಿಲ್ಲದೆ ಕವಿತೆಯೊಂದು ಅಡುಗೆಮನೆಯವರೆಗೆ ಹೋದದ್ದು ಹೀಗೆ. ಒಂದು ಕ್ಯಾಸೆಟ್ಟು ಕೊಳ್ಳಬೇಕಾದರೆ ತಿಂಗಳ ಖರ್ಚಿನಲ್ಲಿ ಏನನ್ನಾದರೂ ಬಿಡಬೇಕಿತ್ತು, ಆದ್ದರಿಂದ ಕೊಂಡದ್ದನ್ನು ಟೇಪು ಸುಕ್ಕಾಗುವವರೆಗೆ ಕೇಳುತ್ತಿದ್ದರು. ಮೊದಲ ಸಲಕ್ಕೆ ಹಿಡಿಸದ ಹಾಡು ಹದಿನೈದನೆಯ ಸಲಕ್ಕೆ ಹಿಡಿಸುತ್ತಿತ್ತು. ಈಗ ಹಾಡು ಶುರುವಾಗಿ ಹತ್ತು ಸೆಕೆಂಡಿಗೆ ಹೆಬ್ಬೆರಳು ಮುಂದಕ್ಕೆ ದೂಡುತ್ತದೆ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದ್ದು ಆ ಹದಿನೈದನೆಯ ಸಲದ ಕಾಲದಲ್ಲಿ. ಶರೀಫರನ್ನೇ ಮತ್ತೆ ಎತ್ತಿಕೊಂಡು ರಘು ದೀಕ್ಷಿತ್ ಗಿಟಾರು, ಪಿಟೀಲು ಸೇರಿಸಿ ಹಾಡಿದಾಗ ಅಶ್ವತ್ಥ್ ಕೇಳಿ ಬೆಳೆದವರು ಮೂಗು ಮುರಿದರು, ಮಕ್ಕಳು ಕುಣಿದರು. 2011ರಲ್ಲಿ ಅದೇ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಲುಂಗಿ, ಗೆಜ್ಜೆ ಸಮೇತ ಹಾಡಿತು.

ಆದರೆ ರಘು ದೀಕ್ಷಿತ್ ಅವರಿಗೂ ಸಿನಿಮಾ ಬೇಕಾಯಿತು. ‘ಸೈಕೊ’, ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಗಳ ಸಂಗೀತದಿಂದ ಅವರನ್ನು ಗುರುತಿಸುವ ಕನ್ನಡಿಗರು ಆಲ್ಬಂನಿಂದ ಗುರುತಿಸುವವರಿಗಿಂತ ಹೆಚ್ಚಿರಬಹುದು. ಸಂಜಿತ್ ಹೆಗ್ಡೆ, ವಾಸುಕಿ ವೈಭವ್ ಅವರ ಕತೆಯೂ ಹೆಚ್ಚುಕಡಿಮೆ ಇಷ್ಟೇ: ಹೊಟ್ಟೆಗೆ ಸಿನಿಮಾ, ಆಸೆಗೆ ಸ್ವಂತ ಹಾಡು. ಕನ್ನಡದ ಸ್ವತಂತ್ರ ಸಂಗೀತ ಒಂಟಿ ಕಾಲಿನ ಮೇಲೆ ನಿಂತು ಹಾಡುವ ಸಂಗೀತ. ಇನ್ನೊಂದು ಕಾಲು ಗಾಂಧಿನಗರದಲ್ಲಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿದ್ದೂ ಟಿಕೆಟ್ ದುಡ್ಡಿನಿಂದಲೇ.

ಹಾಡು ಉಚಿತವಾದದ್ದು ಯಾವಾಗ ಎಂದು ಕೇಳಿದರೆ ಕೊರಟಗೆರೆ, ಮಧುಗಿರಿ ಕಡೆಯವರು 2016ರ ಸೆಪ್ಟೆಂಬರ್ ಎನ್ನಬಹುದು. ಉಚಿತ ಡೇಟಾ ಹೊತ್ತು ಜಿಯೋ ಬಂದದ್ದು ಆಗ. ಅದಕ್ಕೂ ಮುಂಚೆ ಒಂದು ನಡುಗಾಲವಿತ್ತು. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ. ಜನಪದ ಬೇಕೋ, ರಾಜ್‌ಕುಮಾರ್ ಹಳೆಯವು ಬೇಕೋ, ತೆಲುಗು ಬೇಕೋ ಎಂದು ಕೇಳಿ ಒಂದೇ ಏಟಿಗೆ ಸಾವಿರ ಹಾಡು ಸುರಿಯುತ್ತಿದ್ದ. ಹಾಡಿದವರಿಗೆ ಒಂದು ಪೈಸೆ ಹೋಗುತ್ತಿರಲಿಲ್ಲ, ನಿಜ. ಆದರೂ ಗಿರಾಕಿಯ ಮುಖ ನೋಡಿ ಆರಿಸುವ ಮನುಷ್ಯನೊಬ್ಬ ಇದ್ದ. ಈಗ ಆರಿಸುವುದು ಯಂತ್ರ. ಅದಕ್ಕೆ ಗಿರಾಕಿ ಹಿಂದೆ ಕೇಳಿದ್ದು ಗೊತ್ತು, ಇನ್ನೂ ಕೇಳದ್ದು ಗೊತ್ತಿಲ್ಲ. ಹಾಡಿದವರ ಪಾಡೂ ಅಷ್ಟೇನೂ ಸುಧಾರಿಸಿಲ್ಲ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಇಲ್ಲ ಎಂಬ ನಿಯಮವನ್ನು ಅದು 2024ರಿಂದ ತಂದಿತು. ಕನ್ನಡದಲ್ಲಿ ಹೊಸದಾಗಿ ಹಾಡುವ ಹುಡುಗಿಯೊಬ್ಬಳಿಗೆ ಈ ಸಾವಿರ ಎಷ್ಟು ದೊಡ್ಡ ಸಂಖ್ಯೆ ಎಂಬುದು ಹಾಡಿ ನೋಡಿದವರಿಗೇ ಗೊತ್ತು.

ಇಲ್ಲಿಗೆ ಒಂದು ಆಕ್ಷೇಪ ಏಳಲೇಬೇಕು. ಖರ್ಚು ಮಾಡಿದವನ ಮೆಚ್ಚುಗೆಯೇ ನಿಜವಾದದ್ದು ಎಂದರೆ ಮೆಚ್ಚುವ ಹಕ್ಕು ಉಳ್ಳವರದಾಯಿತು. ಊರ ನಾಟಕದ ದುರ್ಯೋಧನ ಸಾಮಾನ್ಯವಾಗಿ ಜಮೀನಿದ್ದವನೇ. ಕೇರಿಯವರಿಗೆ ಊರಿನ ರಂಗದ ಮೇಲೆ ಜಾಗವೇ ಇಲ್ಲದ ಕಾಲವಿತ್ತು; ತಮಟೆ ಬಡಿದು ನಾಟಕ ಸಾರುವುದು ಅವರ ಕೆಲಸ, ಗದೆ ಹಿಡಿಯುವುದು ಬೇರೆಯವರದು. ಹೆಂಗಸರಂತೂ ಇಂದಿಗೂ ಬಹುಪಾಲು ಹಣ ಕೊಟ್ಟು ಕರೆಸುವ ಕಲಾವಿದೆಯರು, ಇಲ್ಲವೇ ಚಾಪೆಯ ಮೇಲಿನ ಪ್ರೇಕ್ಷಕರು. ಉಚಿತ ಡೇಟಾ ಬಂದ ಮೇಲೆ ಪಾವಗಡದ ಹುಡುಗಿಯೊಬ್ಬಳು ಯಾರ ಅಪ್ಪಣೆಯನ್ನೂ ಕೇಳದೆ ಕೊರಿಯಾದ ಬಿಟಿಎಸ್ ಕೇಳಬಹುದು. ಅದನ್ನು ಅಗ್ಗದ ಮೆಚ್ಚುಗೆ ಎನ್ನುವುದು ದೊಡ್ಡಸ್ತಿಕೆಯ ಮಾತಾದೀತು.

ಆಕ್ಷೇಪ ಸರಿಯಾದದ್ದೇ, ಆದರೆ ಅದು ಖರ್ಚನ್ನು ಬರೀ ಹಣವೆಂದು ಎಣಿಸುತ್ತದೆ. ಕೇರಿಯವರು ತಮ್ಮ ಹಾಡಿಗೆ ಬೇರೆ ನಾಣ್ಯದಲ್ಲಿ ತೆತ್ತರು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹಾಡುಗಳು ಯಾವ ಕಂಪನಿಯ ಲೇಬಲ್ಲೂ ಇಲ್ಲದೆ, ಕೈಬರಹದ ಪ್ರತಿಗಳಲ್ಲಿ, ಹಾಸ್ಟೆಲಿನಿಂದ ಹಾಸ್ಟೆಲಿಗೆ, ಜಾಥಾದಿಂದ ಜಾಥಾಕ್ಕೆ ನಾಡು ತಿರುಗಿದವು. ಆ ಹಾಡು ಹಾಡಿದ್ದಕ್ಕೆ ಏಟು ತಿಂದವರಿದ್ದಾರೆ, ಕೂಲಿ ಕಳೆದುಕೊಂಡವರಿದ್ದಾರೆ. ಕನ್ನಡದಲ್ಲಿ ಸ್ವತಂತ್ರ ಸಂಗೀತದ ಇತಿಹಾಸ ಬರೆಯುವವರು ಬೆಂಗಳೂರಿನ ಬ್ಯಾಂಡುಗಳಿಂದ ಶುರುಮಾಡಿದರೆ ಮೊದಲ ಅಧ್ಯಾಯವನ್ನೇ ಹರಿದಂತೆ. ತುಮಕೂರಿನಲ್ಲಿ ನೆಲೆಸಿದ್ದ ಕೆ.ಬಿ. ಸಿದ್ದಯ್ಯನವರು ಈ ಚಳವಳಿಯಿಂದ ಬಂದವರು. ‘ಬಕಾಲ’, ‘ದಕ್ಲಕಥಾದೇವಿ ಕಾವ್ಯ’ಗಳಂಥ ಖಂಡಕಾವ್ಯಗಳನ್ನು ಬರೆದು 2019ರಲ್ಲಿ ತೀರಿಕೊಂಡರು. ಸುಲಭಕ್ಕೆ ಬಗ್ಗುವ ಕಾವ್ಯ ಅಲ್ಲ ಅದು. ಹಸಿವು, ಹುಟ್ಟು, ಕುಲದ ಪುರಾಣ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಂಥ ಪುಸ್ತಕಕ್ಕೆ ಓದುಗರು ಕೆಲವೇ ಕೆಲವರು ಎಂದು ಕೈಬಿಡಬಹುದಿತ್ತು. ಆದರೆ ಕೆ.ಪಿ. ಲಕ್ಷ್ಮಣ್ ಮತ್ತು ಜಂಗಮ ಕಲೆಕ್ಟಿವ್‌ನ ನಟರು ‘ದಕ್ಲಕಥಾದೇವಿ ಕಾವ್ಯ’ವನ್ನು ರಂಗಕ್ಕೆ ತಂದರು, ವಾದ್ಯ ಬಡಿದರು, ಹಾಡಿದರು. ಪುಟದಲ್ಲಿ ಅರ್ಥವಾಗದೆ ನಿಂತವರಿಗೆ ಅದು ಕಿವಿಯಲ್ಲಿ ಅರ್ಥವಾಯಿತು. ನಾಟಕ ನೋಡಿದ ಮೇಲೆ ಪುಸ್ತಕ ಹುಡುಕಿಕೊಂಡು ಹೋದವರಿದ್ದಾರೆ, ಆ ಹುಡುಕಾಟವೂ ಖರ್ಚೇ.

ಪುಸ್ತಕದ ಮಾತಿಗೆ ಬಂದರೆ ಶಿರಾ ತಾಲ್ಲೂಕಿನ ಬರಗೂರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗ ಸಿಗದೆ ಹೋದಾಗ, ಅದಕ್ಕೆ ಎದುರಾಗಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ಬರಗೂರು ರಾಮಚಂದ್ರಪ್ಪ. ವೇದಿಕೆ ಕೊಡದವರ ಬಾಗಿಲಲ್ಲಿ ನಿಂತು ಕೇಳುವುದನ್ನು ಬಿಟ್ಟು ತಮ್ಮದೇ ವೇದಿಕೆ ಹಾಕಿಕೊಂಡದ್ದು ಅಪ್ಪಟ ಇಂಡೀ ಕೆಲಸ, ಆಗ ಯಾರೂ ಹಾಗೆ ಕರೆಯದಿದ್ದರೂ. ಆ ಬಂಡಾಯದ ಗಾಳಿಯಲ್ಲಿ ಬರೆಯತೊಡಗಿದವರಲ್ಲಿ ಹಾಸನದ ಬಾನು ಮುಷ್ತಾಕ್ ಒಬ್ಬರು. ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದು ಬಂದದ್ದು ಇದೇ ಮೊದಲು, ಸಣ್ಣಕತೆಗಳ ಸಂಕಲನಕ್ಕೂ ಇದೇ ಮೊದಲು.

ಪ್ರಶಸ್ತಿಯ ಸುದ್ದಿ ಎಲ್ಲರಿಗೂ ಗೊತ್ತು. ಅದನ್ನು ಅಚ್ಚು ಹಾಕಿದ ಇಂಗ್ಲೆಂಡಿನ ಪ್ರಕಾಶನದ ಬಗ್ಗೆ ಇಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಶೆಫೀಲ್ಡಿನ ‘ಆಂಡ್ ಅದರ್ ಸ್ಟೋರೀಸ್’ ದೊಡ್ಡ ಕಂಪನಿಯಲ್ಲ. ಓದುಗರಿಂದ ಮೊದಲೇ ಚಂದಾ ಪಡೆದು, ಆ ಹಣದ ಬಲದಿಂದ ಪುಸ್ತಕ ತರುವ ಪುಟ್ಟ ಸಂಸ್ಥೆ. ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚು ಹಾಕುತ್ತದೆ. ಧಾರವಾಡದವರಿಗೆ ಇದು ಹೊಸದೇನಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ನಡೆದದ್ದೂ ಚಂದಾದಾರರ ಭರವಸೆಯ ಮೇಲೆ. ಅದಕ್ಕೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇನ್ನೂ ಬರೆಯದ, ಬರೆದರೂ ತನಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲದ ಪುಸ್ತಕಕ್ಕೆ ಮುಂಗಡ ಕೊಡುವ ಓದುಗ ಯಾವ ಪ್ರಶಸ್ತಿ ಸಮಿತಿಗಿಂತಲೂ ದೊಡ್ಡ ಧೈರ್ಯಸ್ಥ. ಕನ್ನಡದಲ್ಲಿ ಅಂಥ ಓದುಗರ ಹೆಸರನ್ನು ಪುಸ್ತಕದಲ್ಲಿ ಅಚ್ಚು ಹಾಕುವ ರೂಢಿ ಬಂದರೆ ಎಷ್ಟು ಚೆನ್ನ. ಮದುವೆ ಕಾಗದದಲ್ಲಿ ಸೋದರಮಾವಂದಿರ ಹೆಸರು ಹಾಕಿಸುವಷ್ಟೇ ಉತ್ಸಾಹ ಅದಕ್ಕೂ ಬರಬಹುದು.

ಮೆಚ್ಚುಗೆಯ ಮೇಲೆ ಗಡಿಯ ಪ್ರಭಾವ ಎಷ್ಟು ಎಂಬುದನ್ನು ಕಾಣಲು ಪಾವಗಡದಂಥ ಊರು ಬೇಕು. ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮಧುಗಿರಿಯ ಕೊಡಿಗೇನಹಳ್ಳಿ ಕಡೆಯವರಿಗೆ ತುಮಕೂರಿಗಿಂತ ಹಿಂದೂಪುರ ಹತ್ತಿರ. ಆ ಹಿಂದೂಪುರದಿಂದ ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಗೆದ್ದರು. 2014ರಿಂದ ಅವರ ಮಗ ಬಾಲಕೃಷ್ಣ ಅಲ್ಲಿನ ಶಾಸಕರು. ಈ ಕಡೆಯ ಹುಡುಗನೊಬ್ಬ ಸಂಕ್ರಾಂತಿಗೆ ಬಾಲಯ್ಯನ ಸಿನಿಮಾಕ್ಕೆ ಗಡಿ ದಾಟಿ, ಯುಗಾದಿಗೆ ಶಿವಣ್ಣನ ಸಿನಿಮಾಕ್ಕೆ ಮಧುಗಿರಿಗೆ ಹೋದರೆ ಅವನನ್ನು ಯಾರ ಅಭಿಮಾನಿ ಎನ್ನಬೇಕು? ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಸಿಟ್ಟು ಬರುತ್ತದೆ, ಪಾವಗಡದಲ್ಲಿ ನಗು ಬರುತ್ತದೆ. ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗ್ ಆಗದಂತೆ ತಡೆಯಿತು, 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದು ಎಂದಿತು. ಕನ್ನಡಿಗರು ಕನ್ನಡದಲ್ಲಿ ಏನನ್ನು ನೋಡಬಾರದು ಎಂದು ಇನ್ನೊಬ್ಬರು ತೀರ್ಮಾನಿಸುವ ಆ ಏರ್ಪಾಟಿನಿಂದ ಕನ್ನಡ ಬೆಳೆಯಿತೆಂದು ನಂಬುವುದು ಕಷ್ಟ. ಕನ್ನಡದ ಪರದೆ ಸಾಲದವರು ತೆಲುಗಿಗೋ ತಮಿಳಿಗೋ ಹೋದರು, ಹೋದವರೆಲ್ಲ ಮರಳಿ ಬರಲಿಲ್ಲ.

ಗೊರವನಹಳ್ಳಿಯ ಹೆಸರಿಲ್ಲದೆ ಈ ಸೀಮೆಯ ಮೆಚ್ಚುಗೆಯ ಕತೆ ಪೂರ್ತಿಯಾಗುವುದಿಲ್ಲ. ಈಗ ಶುಕ್ರವಾರಗಳಂದು ಅಲ್ಲಿಗೆ ಹೋದವರು ಮಹಾಲಕ್ಷ್ಮಿಯ ದರ್ಶನಕ್ಕೆ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕು. ಬೆಂಗಳೂರಿನ ಕಾರುಗಳು, ಬಾಗಿನದ ಅಂಗಡಿಗಳು, ಕಮಲದ ಹೂವಿನ ಬುಟ್ಟಿಗಳು. ಪಾಳು ಬಿದ್ದಂತಿದ್ದ ಗುಡಿಯಲ್ಲಿ ಕಮಲಮ್ಮ ಎಂಬ ಹೆಣ್ಣುಮಗಳು ಹಟ ಹಿಡಿದು ಪೂಜೆ ನಡೆಸಿಕೊಂಡು ಬಂದದ್ದರಿಂದ ಈ ಕ್ಷೇತ್ರ ಬೆಳೆಯಿತೆಂದು ಎಲ್ಲರೂ ಹೇಳುತ್ತಾರೆ. ಒಬ್ಬರ ಭಕ್ತಿ ಮೊದಲು, ಸಾಲು ಆಮೇಲೆ. ಸಾಲು ಬೆಳೆದ ಮೇಲೆ ಹಳಬರಲ್ಲಿ ಒಂದು ಕೊರಗು ಹುಟ್ಟುತ್ತದೆ: ಮುಂಚೆ ಅಮ್ಮನವರನ್ನು ಹತ್ತಿರದಿಂದ ನೋಡಬಹುದಿತ್ತು, ಈಗ ತಳ್ಳಿಬಿಡುತ್ತಾರೆ. ಬ್ಯಾಂಡಿನ ಮೊದಲ ಅಭಿಮಾನಿಗಳದೂ ಇದೇ ಕೊರಗು. ಇಪ್ಪತ್ತು ಜನರ ಮುಂದೆ ಹಾಡುತ್ತಿದ್ದಾಗಿನಿಂದ ಕೇಳಿದವರು ಇಪ್ಪತ್ತು ಸಾವಿರ ಜನ ಬಂದ ದಿನ ಮುನಿಸಿಕೊಳ್ಳುತ್ತಾರೆ. ‘ಅವರು ಮೊದಲಿನಂತಿಲ್ಲ’ ಎನ್ನುತ್ತಾರೆ. ಈ ಮುನಿಸಿನಲ್ಲಿ ಒಂದಿಷ್ಟು ಜಿಪುಣತನವಿದೆ. ಮೊದಲು ಕಂಡುಕೊಂಡದ್ದರ ಹೆಮ್ಮೆ ಸರಿ, ಗುತ್ತಿಗೆ ಸರಿಯಲ್ಲ.

ಲಕ್ಷ್ಮಿಯ ಹಾಡೇ ಇದಕ್ಕೆ ಉತ್ತರ ಕೊಡುತ್ತದೆ. ಇಲ್ಲಿನ ಅಂಗಡಿ ಬೀದಿಯಲ್ಲಿ ಭಕ್ತಿಗೀತೆ ಎಂದು ಕೇಳುವ ಪುರಂದರದಾಸರ ಲಕ್ಷ್ಮೀ ಕೀರ್ತನೆಯನ್ನು ಭೀಮಸೇನ ಜೋಶಿಯವರು ಸಂಗೀತ ಸಭೆಗಳಲ್ಲಿ ಹಾಡಿದರು. 1983ರಲ್ಲಿ ಶಂಕರ್ ನಾಗ್ ಅವರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಸಿನಿಮಾದಲ್ಲಿ ಅದೇ ಕೀರ್ತನೆ ಜೋಶಿಯವರದೇ ದನಿಯಲ್ಲಿ ಬಂತು. ಸಭೆಯ ರಸಿಕರು, ಸಿನಿಮಾ ನೋಡಿದವರು, ವರಮಹಾಲಕ್ಷ್ಮಿ ಹಬ್ಬದಲ್ಲಿ ಹಾಡುವ ಮುತ್ತೈದೆಯರು ಯಾರೂ ಅದನ್ನು ಇನ್ನೊಬ್ಬರಿಂದ ಕಸಿದುಕೊಂಡಿಲ್ಲ.

ಆದರೆ ಎಲ್ಲ ಹಾಡುಗಳ ಪಯಣ ಹೀಗೆ ಸಲೀಸಾಗಿ ಸಾಗುವುದಿಲ್ಲ. ಮಲೆ ಮಹದೇಶ್ವರನ ಕಾವ್ಯದಲ್ಲಿ ಶರಣೆ ಸಂಕಮ್ಮನ ಪ್ರಸಂಗದ ಕೋಲುಮಂಡೆ ಪದವನ್ನು ಕಂಸಾಳೆಯವರು ತಲೆಮಾರುಗಳಿಂದ ಹಾಡುತ್ತ ಬಂದರು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಅದನ್ನು ಹಾಡಿ ಇಡೀ ನಾಡು ಗುನುಗುವಂತೆ ಮಾಡಿದರು. 2020ರಲ್ಲಿ ಚಂದನ್ ಶೆಟ್ಟಿಯವರ ರ್‍ಯಾಪ್ ರೂಪ ಬಂದಾಗ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು. ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊ ಜಾಲದಿಂದ ಹೋಯಿತು. ಬೀಟು ಸೇರಿಸಿದ್ದು ಅಪರಾಧ ಎಂದು ಹೇಳುವುದು ತಪ್ಪಾಗುತ್ತದೆ. ಸಂಕಮ್ಮ ಒಂದು ಸಮುದಾಯಕ್ಕೆ ತಾಯಿ ಎಂಬುದನ್ನು ಕೇಳಿ ತಿಳಿಯಬೇಕಿತ್ತು, ಅಷ್ಟೇ. ಸಿನಿಮಾಕ್ಕೂ ಸ್ವತಂತ್ರ ಬ್ಯಾಂಡಿಗೂ ನಡುವೆ ಜಗಳವಾದದ್ದೂ ಇದೆ. 2022ರ ‘ಕಾಂತಾರ’ದ ವರಾಹ ರೂಪಂ ಹಾಡು ತಮ್ಮ ‘ನವರಸಂ’ನಂತಿದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು, ಕೆಲಕಾಲ ಒಟಿಟಿಯಲ್ಲಿ ಸಿನಿಮಾ ಬೇರೆ ಧಾಟಿಯ ಹಾಡಿನೊಂದಿಗೆ ಓಡಿತು, ಮುಂದೆ ಮೂಲ ಹಾಡು ಮರಳಿತು. ಬ್ಯಾಂಡಿಗೆ ವಕೀಲರಿದ್ದರು. ಹಟ್ಟಿಯವರಿಗೆ ಇರುವುದಿಲ್ಲ.

ಹಟ್ಟಿ ಎಂದರೆ ಶಿರಾ, ಪಾವಗಡ, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳು. ದನ ಕಾದ ವೀರ ಜುಂಜಪ್ಪನ ಕತೆಯನ್ನು ಅವರು ಗಣೆ ಊದಿ ಹಾಡುತ್ತಾರೆ. ಗಣೆ ಉದ್ದನೆಯ ಬಿದಿರಿನ ವಾದ್ಯ, ಬರೀ ವಾದ್ಯವಷ್ಟೇ ಆಗಿದ್ದರೆ ಅದನ್ನು ಅಷ್ಟು ಮಡಿಯಿಂದ ಇಟ್ಟುಕೊಳ್ಳುತ್ತಿರಲಿಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಬಳಿಯ ಜುಂಜಪ್ಪನ ಗುಡ್ಡೆ ಈ ಕತೆಯ ನೆಲೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದಗಳು ಬರುತ್ತಿದ್ದವು; ಕೃಷ್ಣಮೂರ್ತಿ ಹನೂರು ವರ್ಷಗಟ್ಟಲೆ ಅವರ ಬಳಿ ಕೂತು ಬರೆದುಕೊಂಡದ್ದರಿಂದ ಅವು ಪುಸ್ತಕಕ್ಕೂ ಬಂದವು. ಹಣ ಕಟ್ಟಿದವನದೇ ಹಾಡು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಪದಗಳಿಗೆ ಯಾರೂ ಹಣ ಕಟ್ಟಿಲ್ಲ, ಯಾರೂ ಮಾರಿಲ್ಲ. ಆದರೆ ಹಟ್ಟಿಯ ಒಬ್ಬಳು ಅವುಗಳನ್ನು ತನ್ನ ನೆನಪಿನಲ್ಲಿ ಸಾಕುವುದಕ್ಕೆ ಒಂದು ಆಯುಷ್ಯವನ್ನೇ ಕೊಟ್ಟಿದ್ದಳು.

ಹೀಗಾಗಿ ಮುಂದೆ ಯಾವುದಾದರೂ ಬ್ಯಾಂಡು ಗಣೆಯ ದನಿಯನ್ನು ಕಂಪ್ಯೂಟರಿಗೆ ಹಾಕಿ, ಡ್ರಮ್ಸು ಜೋಡಿಸಿ, ಯೂಟ್ಯೂಬಿನಲ್ಲಿ ಬಿಡುವ ದಿನ ಬಂದರೆ ಕೆಳಗೆ ‘ಜನಪದ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಊದಿದವರ ಹೆಸರು, ಹಟ್ಟಿಯ ಹೆಸರು, ಪದ ಹೇಳಿಕೊಟ್ಟವರ ಹೆಸರು ಬರೆಯುವುದಕ್ಕೆ ಯಾವ ಕಾನೂನಿಗೂ ಕಾಯಬೇಕಿಲ್ಲ. ಬಂದ ಹಣದಲ್ಲಿ ಪಾಲು ಕೊಡುವುದೂ ಕಷ್ಟವೇನಲ್ಲ, ಮನಸ್ಸಿದ್ದರೆ. ಹಟ್ಟಿಯ ಹಿರಿಯರು ಇದನ್ನು ಒಪ್ಪದೆಯೂ ಇರಬಹುದು. ದೇವರ ಪದಕ್ಕೆ ಎಂಥ ರಾಯಲ್ಟಿ, ಗುಡ್ಡೆಯ ಪೂಜೆ ಬಿಟ್ಟು ಬೇರೆಡೆ ಗಣೆ ಊದಬಾರದು ಎನ್ನಬಹುದು. ಆಗ ಬ್ಯಾಂಡಿನವರು ಆ ಪದವನ್ನು ಅಲ್ಲೇ ಬಿಟ್ಟು, ಮೈಕು ಕೇಬಲ್ಲು ಸುತ್ತಿಕೊಂಡು, ತಮ್ಮದೇ ಹಾಡೊಂದನ್ನು ಬರೆಯಲು ಊರಿಗೆ ಮರಳಬೇಕಾಗುತ್ತದೆ.